ಅರಗಿನ ಮುದ್ರೆಯ ಹನ್ನೆರಡು ದಿನ

ನಮ್ಮ ಆರೈಕೆ ಮನೆಯಲ್ಲಿ ಎಲ್ಲರೂ ಅವರನ್ನು ಬೀಗದಮ್ಮ ಎಂದೇ ಕರೆಯುತ್ತಿದ್ದರು. ಓದಿನಿಂದ ಔಷಧ ತಜ್ಞೆ. ಕೆಲಸದಿಂದ ಹದಿನಾಲ್ಕು ಹಾಸಿಗೆಗಳ ನೋವಿಗೆ ಕಾವಲುಗಾರ್ತಿ. ನಾನು ಅಲ್ಲಿ ನರ್ಸ್. ಹನ್ನೊಂದು ವರ್ಷ ಅವರ ಜೊತೆ ದುಡಿದಿದ್ದೇನೆ, ಹಾಗಾಗಿ ಇದನ್ನು ಹೇಳುವ ಹಕ್ಕು ನನಗಿದೆ. ಹೇಳದೆ ಇರುವ ಹಕ್ಕಂತೂ ಇಲ್ಲ.

ವಾಸಿಯಾಗದ ಕಾಯಿಲೆಯವರಿಗೆಂದು ನಡೆಸುವ ಮನೆ ಅದು. ಹಿಂದೆ ಯಾವುದೋ ದಾರದ ಕಂಪನಿಯ ಆಫೀಸಾಗಿತ್ತಂತೆ. ಔಷಧದ ಕೋಣೆ ಮೆಟ್ಟಿಲ ಕೆಳಗೆ. ಸೂರು ಇಳಿಜಾರು, ಒಳಗೆ ಹೋಗುವವರು ತಲೆ ಬಗ್ಗಿಸಲೇಬೇಕು. ಆ ಕೋಣೆಯ ಹಿಂದಿನ ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಕಬ್ಬಿಣದ ಬೀರು, ಬೀರುವಿಗೆ ಎರಡು ಬೀಗ. ಒಂದರ ಕೀ ಬೀಗದಮ್ಮನ ಕುತ್ತಿಗೆಯ ದಾರದಲ್ಲಿ, ಇನ್ನೊಂದು ಪಾಳಿಯ ನರ್ಸಿನ ಸೊಂಟದಲ್ಲಿ. ಇಬ್ಬರೂ ಕೂಡಿದರೆ ಮಾತ್ರ ಬಾಗಿಲು ತೆರೆಯಬೇಕು. ಒಳಗಿರುವುದು ಮಾರ್ಫಿನ್. ಸಾಯುವವರ ಮೂಳೆಯೊಳಗಿನ ಬೆಂಕಿಯನ್ನು ತಣಿಸುವ ಮದ್ದು. ಅದನ್ನೇ ಕದ್ದು ಬೀದಿಯಲ್ಲಿ ಮಾರುವವರೂ ಉಂಟು, ಅದಕ್ಕೇ ಈ ಕಾವಲು.

ಬೀಗದಮ್ಮನ ಶಿಸ್ತು ನಮಗೆಲ್ಲ ತಮಾಷೆ. "ಅವರ ಮನೇಲಿ ಉಪ್ಪನ್ನೂ ಕಲ್ಲು ಎಣಿಸಿ ಹಾಕ್ತಾರಂತೆ" ಎಂದು ಅಡುಗೆಯವಳು ನಗಾಡುತ್ತಿದ್ದಳು. ಒಮ್ಮೆ ನನ್ನ ಕೈಯಿಂದ ಒಂದು ಇಂಜೆಕ್ಷನ್ ಸೀಸೆ ಜಾರಿ ಒಡೆಯಿತು. "ಯಾರೂ ಕಾಲು ಎತ್ತಬೇಡಿ" ಎಂದು ಬೀಗದಮ್ಮ ನಮ್ಮನ್ನೆಲ್ಲ ನಿಂತಲ್ಲೇ ನಿಲ್ಲಿಸಿ, ಚಿಮಟದಲ್ಲಿ ಒಂದೊಂದು ಚೂರನ್ನೂ ಆಯ್ದು ಲಕೋಟೆಗೆ ಹಾಕಿದರು. ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಔಷಧ ನಿಯಂತ್ರಣ ಕಚೇರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದರು. ಕಚೇರಿಯವರೇ ಫೋನು ಮಾಡಿ, "ಇದನ್ನೆಲ್ಲ ಯಾಕಮ್ಮ ಕಳಿಸ್ತೀರಿ, ಎಲ್ಲಿಡೋದು ನಾವು?" ಎಂದು ರೇಗಿದ್ದರು.

ಅವರ ಯಜಮಾನರು ಗಡಿಯಾರ ರಿಪೇರಿ ಮಾಡುವವರು, ಮಾತಿನಲ್ಲಿ ಚುರುಕು. "ಇವಳಿಗೆ ಕಾನೂನು ಅಂದ್ರೆ ತವರುಮನೆ ಇದ್ದಂಗೆ. ಯಾರೂ ಒಂದು ಮಾತಾಡೋ ಹಾಗಿಲ್ಲ" ಎನ್ನುತ್ತಿದ್ದರು. ಅದು ನಿಜವೇ ಆಗಿತ್ತು. ಹೋದ ವರ್ಷ ಹೊಸ ಕಾನೂನು ಬಂದಾಗ ಎಲ್ಲರೂ ಗೊಣಗಿದರು, ಬೀಗದಮ್ಮ ಮಾತ್ರ "ಒಳ್ಳೇದೇ ಆಯ್ತು" ಎಂದರು. ಎಲ್ಲೋ ಎರಡು ದೊಡ್ಡ ಗೋದಾಮುಗಳಿಂದ ಪೆಟ್ಟಿಗೆಗಟ್ಟಲೆ ಮಾರ್ಫಿನ್ ಬೀದಿಗೆ ಹರಿದಿತ್ತು. ಅದರ ಮೇಲೆ ಈ ಕಾನೂನು. ಇಂಥ ಔಷಧವನ್ನು ಇಟ್ಟುಕೊಳ್ಳುವ, ಕೊಡುವ, ಸಾಗಿಸುವ ಪ್ರತಿಯೊಬ್ಬರೂ ಹೊಸದಾಗಿ ನೋಂದಣಿ ಮಾಡಿಸಬೇಕು. ವ್ಯಕ್ತಿಗೊಂದು ನೋಂದಣಿ, ಜಾಗಕ್ಕೊಂದು ನೋಂದಣಿ. ತೊಂಬತ್ತು ದಿನ ಗಡುವು. ಬೀಗದಮ್ಮ ಆರನೇ ದಿನಕ್ಕೇ ಅರ್ಜಿ ಹಾಕಿ, ರಸೀದಿಗೆ ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ತೂಗುಹಾಕಿದರು.

ಎರಡು ತಿಂಗಳು ಸುದ್ದಿಯಿಲ್ಲ. ಆಮೇಲೊಂದು ಕಾಗದ ಬಂತು. ಅರ್ಜಿಯಲ್ಲಿರುವ ಬಾಗಿಲ ಸಂಖ್ಯೆಗೂ ನಗರಸಭೆಯ ದಾಖಲೆಗೂ ತಾಳೆಯಾಗುತ್ತಿಲ್ಲವಂತೆ. ತಾಳೆಯಾಗುವುದು ಹೇಗೆ? ನಗರಸಭೆಯವರು ಈ ನಡುವೆ ಬೀದಿಗೆಲ್ಲ ಹೊಸ ಸಂಖ್ಯೆ ಬಳಿದು ಹೋಗಿದ್ದರು. ನಿನ್ನೆಯ ಹದಿನೇಳು ಇವತ್ತಿಗೆ ನಲವತ್ತೆರಡು. ಬೀಗದಮ್ಮ ನಗರಸಭೆಗೆ ಹೋಗಿ ಹಳೆ ಸಂಖ್ಯೆಯೂ ಹೊಸ ಸಂಖ್ಯೆಯೂ ಒಂದೇ ಮನೆಯದು ಎಂದು ಬರೆಸಿ, ಮೊಹರು ಹಾಕಿಸಿ ಕಳಿಸಿದರು. ಅದಕ್ಕೂ ಉತ್ತರವಿಲ್ಲ. ಗಡುವು ಮುಗಿಯಿತು.

ಗಡುವು ಮುಗಿದ ಮೂರನೇ ವಾರ, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಔಷಧ ನಿಯಂತ್ರಣ ಕಚೇರಿಯ ಇನ್ಸ್‌ಪೆಕ್ಟರ್ ಬಂದರು. ಸಭ್ಯ ಮನುಷ್ಯ. ರೋಗಿಗಳಿಗೆ ಸದ್ದಾದೀತೆಂದು ಮೆಟ್ಟಿಲ ಬಳಿಯೇ ಬೂಟು ಬಿಚ್ಚಿದರು. ಮಾಡಿದ ಕೆಲಸಕ್ಕೆ ಮಾತ್ರ ಸಭ್ಯತೆ ಇರಲಿಲ್ಲ.

"ಹಳೇ ನೋಂದಣಿ ಗಡುವಿನ ದಿನಕ್ಕೆ ಸತ್ತುಹೋಯ್ತು ಮೇಡಂ. ಹೊಸದು ನಿಮಗೆ ಬಂದಿಲ್ಲ. ಹಾಗಾದ್ರೆ ಈಗ ಈ ಬೀರುವಲ್ಲಿರೋದು ಅಕ್ರಮ ದಾಸ್ತಾನು."

"ಅರ್ಜಿ ಹಾಕಿದ್ದೀನಿ ಸರ್. ರಸೀದಿ ನೋಡಿ, ಇಲ್ಲೇ ಇದೆ."

"ರಸೀದಿ ಅಂದ್ರೆ ನೋಂದಣಿ ಅಲ್ಲವಲ್ಲ."

"ಮೇಲೆ ಹದಿನಾಲ್ಕು ಜನ ಇದ್ದಾರೆ. ಅವರಲ್ಲಿ ಒಂಬತ್ತು ಜನಕ್ಕೆ ನಾಲ್ಕು ಗಂಟೆಗೊಂದು ಸಲ ಇದು ಬೇಕು."

"ಒಂದು ವಾರ ಅಷ್ಟೇ ಮೇಡಂ. ನಾನು ಸೀಲ್ ಮಾಡದಿದ್ರೆ ನನ್ನ ಕೆಲಸ ಹೋಗುತ್ತೆ. ಕೇಸ್ ಹಾಕದೆ ಬಿಡ್ತಿದ್ದೀನಿ, ಅದಕ್ಕೆ ಸಂತೋಷಪಡಿ."

ಬೀರುವಿನ ಎರಡೂ ಬೀಗಗಳ ಮೇಲೆ ಬಟ್ಟೆಯ ಪಟ್ಟಿ ಸುತ್ತಿ, ಮೇಣದ ಬತ್ತಿಯಲ್ಲಿ ಕೆಂಪು ಅರಗು ಕರಗಿಸಿ ತೊಟ್ಟಿಕ್ಕಿಸಿ, ಹಿತ್ತಾಳೆಯ ಮುದ್ರೆ ಒತ್ತಿದರು. ಕೀಗಳನ್ನು ಕೇಳಲಿಲ್ಲ. ಅವು ನಮ್ಮ ಹತ್ತಿರವೇ ಉಳಿದವು. ಎಲ್ಲೋ ಗೋದಾಮಿನವರು ಕದ್ದರೆಂದು ಇಲ್ಲಿ ಸಾಯುವವರ ಮದ್ದಿಗೆ ಅರಗು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ಅವತ್ತು ಕಣ್ಣಾರೆ ಕಂಡೆ.

ಡಾಕ್ಟರಮ್ಮ ಎಪ್ಪತ್ತು ದಾಟಿದವರು, ಸಂಬಳವಿಲ್ಲದೆ ಬರುತ್ತಿದ್ದರು. ಸುದ್ದಿ ಕೇಳಿದ ಕೂಡಲೇ ಫೋನು ಹಿಡಿದು ಕುಳಿತರು. ದೊಡ್ಡಾಸ್ಪತ್ರೆಯವರು ಇಬ್ಬರನ್ನು ಸೇರಿಸಿಕೊಂಡರು, ಮೂರನೆಯವರಿಗೆ ಹಾಸಿಗೆಯಿಲ್ಲ ಎಂದರು. ಹೊರಗಿನ ರೋಗಿಗಳಿಗೆ ಈ ಔಷಧ ಕೊಟ್ಟು ಕಳಿಸಲು ಹೊಸ ಕಾನೂನಿನಲ್ಲಿ ತಮಗೂ ಭಯ ಎಂದರು. ಉಳಿದ ಏಳು ಜನಕ್ಕೆ ನಾವು ಕೊಟ್ಟದ್ದು ತಲೆನೋವಿಗೆ ನುಂಗುವಂಥ ಮಾತ್ರೆಗಳು. ಹೊತ್ತಿ ಉರಿಯುವ ಮನೆಗೆ ಚಮಚದಲ್ಲಿ ನೀರು ಚಿಮುಕಿಸಿದ ಹಾಗೆ.

ಆ ಏಳು ಜನರಲ್ಲಿ ಒಬ್ಬರು ಕ್ರೇನಜ್ಜ. ಮೂವತ್ತೆರಡು ವರ್ಷ ಬಂದರಿನಲ್ಲಿ ಕ್ರೇನು ನಡೆಸಿದವರು. ಹಾಸಿಗೆಗೆ ಹಿಡಿಸದಷ್ಟು ಎತ್ತರ, ಕಾಲ ಬಳಿ ಒಂದು ಸ್ಟೂಲು ಸೇರಿಸಿದ್ದೆವು. ಕಾಯಿಲೆ ಬೆನ್ನುಮೂಳೆಗೆ ಇಳಿದಿತ್ತು. "ನಾನು ಮೇಲಿಂದ ಲೋಕ ನೋಡಿದವನಮ್ಮ. ಅಲ್ಲಿಂದ ನೋಡಿದ್ರೆ ಮ್ಯಾನೇಜರೂ ಇರುವೆ, ಕೂಲಿಯವನೂ ಇರುವೆ" ಎನ್ನುತ್ತಿದ್ದರು. ಔಷಧ ನಡೆಯುತ್ತಿದ್ದಾಗ ಅವರು ವಾರ್ಡಿನ ಮನರಂಜನೆ. ಪಕ್ಕದ ಹಾಸಿಗೆಯವರ ಜೊತೆ ಚೌಕಾಬಾರ ಆಡಿ, ಸೋತರೆ ಕಾಯಿಯನ್ನೇ ಬಚ್ಚಿಡುತ್ತಿದ್ದರು. ಮಗಳೊಬ್ಬಳೇ, ಬಸ್ ಕಂಡಕ್ಟರ್. ಪಾಳಿ ಮುಗಿಸಿ ಖಾಕಿಯಲ್ಲೇ ಬಂದು ಅಪ್ಪನ ಉಗುರು ಕತ್ತರಿಸಿ, ಗಡ್ಡ ಹೆರೆದು ಹೋಗುವಳು.

ಮುದ್ರೆ ಬಿದ್ದ ಎರಡನೇ ದಿನ ಕ್ರೇನಜ್ಜ ಮಾತು ನಿಲ್ಲಿಸಿದರು. ಮೂರನೇ ದಿನ ಟವೆಲು ಕೇಳಿದರು. ಕಚ್ಚಿಕೊಳ್ಳಲು. ನೋವಿನ ಜೊತೆಗೆ ಔಷಧ ಒಮ್ಮೆಲೇ ನಿಂತ ಸಂಕಟವೂ ಸೇರಿತ್ತು. ಮೈ ನಡುಕ, ಬೆವರು, ವಾಂತಿ. ಹಾಸುಬಟ್ಟೆಯನ್ನು ಅವರ ಬೆನ್ನ ಕೆಳಗಿನಿಂದ ಎಳೆಯುವಾಗ ಆ ದೊಡ್ಡ ದೇಹ ಹೊರಡಿಸಿದ ದನಿಯನ್ನು ನಾನು ಇಲ್ಲಿ ಬರೆಯಲಾರೆ.

ಬೀಗದಮ್ಮ ದಿನಾ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಅದರ ಬಾಗಿಲಲ್ಲಿ ನಿಲ್ಲುತ್ತಿದ್ದರು. ಎರಡು ದಿನ ನಾನೂ ಜೊತೆಗಿದ್ದೆ. ಮೂರನೇ ಮಹಡಿ, ಆರನೇ ಕಿಟಕಿ. ಗಾಜಿನ ಹಿಂದೆ ಗುಮಾಸ್ತ, ಅವನ ಹಿಂದೆ ನೆಲದಿಂದ ಎದೆಮಟ್ಟದವರೆಗೆ ಫೈಲುಗಳು.

"ಫೈಲು ಮೇಲೆ ಹೋಗಿದೆ."

"ಮೇಲೆ ಅಂದ್ರೆ ಯಾರ ಹತ್ರ?"

"ಮೇಲೆ ಅಂದ್ರೆ ಮೇಲೆ. ಕಂಪ್ಯೂಟರಲ್ಲಿ ಬಾಗಿಲ ಸಂಖ್ಯೆ ತಗೊಳ್ತಿಲ್ಲ. ಹಳೇದು ಹಾಕಿದ್ರೆ ತಪ್ಪು ಅಂತದೆ, ಹೊಸದು ಹಾಕಿದ್ರೆ ಅರ್ಜಿಯಲ್ಲಿಲ್ಲ ಅಂತದೆ."

"ಹಾಗಾದ್ರೆ ಹೊಸ ಅರ್ಜಿ ಕೊಡ್ಲಾ?"

"ಗಡುವು ಮುಗಿದಿದೆಯಲ್ಲ."

ನನಗೆ ಗಾಜು ಒಡೆಯುವಷ್ಟು ಸಿಟ್ಟು. ಬೀಗದಮ್ಮ ಅದೇ ತಣ್ಣನೆ ದನಿಯಲ್ಲಿ, "ಅಲ್ಲಿ ಜನ ನರಳ್ತಾ ಇದ್ದಾರಪ್ಪ" ಎಂದರು.

"ನಿಮ್ಮೊಬ್ಬರದ್ದೇ ಅಲ್ಲಮ್ಮ. ಇಂಥವು ಮುನ್ನೂರ ಹನ್ನೆರಡು ಅರ್ಜಿ ಇವೆ. ಎಲ್ಲಾ ಕಡೆ ಸೀಲೇ."

ಅವನು ಸಮಾಧಾನಕ್ಕೆಂದು ಹೇಳಿದ ಮಾತು ಅದು. ಮುನ್ನೂರ ಹನ್ನೆರಡು ಕಡೆ ಟವೆಲು ಕಚ್ಚಿಕೊಂಡವರು ಇದ್ದಾರೆ ಎಂದು ತಾನು ಹೇಳುತ್ತಿದ್ದೇನೆಂಬುದು ಅವನಿಗೆ ಹೊಳೆಯಲೇ ಇಲ್ಲ.

"ಯಾವ ಸೆಕ್ಷನ್ ಪ್ರಕಾರ ಸೀಲ್ ಮಾಡಿದ್ದು?" ಬೀಗದಮ್ಮ ಕೇಳಿದರು.

"ಕಾನೂನಲ್ಲೇ ಇದೆಯಮ್ಮ."

"ತೋರಿಸಿ."

ಅವನು ಪಕ್ಕದವನ ಕಡೆ ನೋಡಿದ. ಪಕ್ಕದವನು ಮೇಲ್ವಿಚಾರಕಿಯ ಕಡೆ ನೋಡಿದ. ಆ ಇಡೀ ಮಹಡಿಯಲ್ಲಿ ಕಾನೂನಿನ ಪ್ರತಿ ಒಂದೂ ಇರಲಿಲ್ಲ. ಇದ್ದದ್ದು ಸುತ್ತೋಲೆಯ ಎರಡು ಹಾಳೆ, ಅದೂ ನೆರಳಚ್ಚಿನ ನೆರಳಚ್ಚು.

ಸರ್ಕಾರಿ ಮುದ್ರಣಾಲಯದ ಮಾರಾಟ ಮಳಿಗೆ ಊರಿನ ಇನ್ನೊಂದು ತುದಿಗೆ. ಬೀಗದಮ್ಮ ಎರಡು ಬಸ್ಸು ಬದಲಾಯಿಸಿ ಹೋಗಿ ಕಾನೂನಿನ ಪುಸ್ತಕ ತಂದರು. ತೊಂಬತ್ತಾರು ಪುಟ, ಇರುವೆ ಸಾಲಿನಂಥ ಅಕ್ಷರ. ವಾರ್ಡಿನ ಕಿಟಕಿಯ ಬಳಿ ಕೂತು ಓದಲು ಶುರುಮಾಡಿದರು. ಆದರೆ ಎರಡು ಪುಟ ಓದುವಷ್ಟರಲ್ಲಿ ಯಾರೋ ಕೂಗುವರು, ಎದ್ದು ಹೋಗುವರು. ಮದ್ದಿಲ್ಲದ ಔಷಧ ತಜ್ಞೆ ಬೇರೇನು ಮಾಡಲು ಸಾಧ್ಯ? ಕೈ ಹಿಡಿದುಕೊಂಡು ಕೂರುವರು.

ಆರನೇ ದಿನ ಡಾಕ್ಟರಮ್ಮ ಮೆಟ್ಟಿಲ ಕೆಳಗಿನ ಕೋಣೆಗೆ ಬಂದರು. ನಾವು ಮೂವರೇ ಇದ್ದೆವು.

"ಒಡೆದುಬಿಡೋಣ. ನಾನು ಒಡೆದೆ ಅಂತ ಬರ್ಕೊಡ್ತೀನಿ. ಈ ವಯಸ್ಸಲ್ಲಿ ನನ್ನನ್ನ ಏನು ಮಾಡ್ತಾರೆ?"

ಬೀಗದಮ್ಮ ಕುತ್ತಿಗೆಯ ದಾರವನ್ನು ಹಿಡಿದುಕೊಂಡರು. "ಮುದ್ರೆ ಒಡೆದ್ರೆ ಹತ್ತು ವರ್ಷ ಜೈಲು ಡಾಕ್ಟರಮ್ಮ. ಅದು ಹಾಗಿರಲಿ. ಈ ಜಾಗಕ್ಕೇ ಬೀಗ ಬೀಳುತ್ತೆ. ಆಮೇಲೆ ಇವರನ್ನೆಲ್ಲ ಎಲ್ಲಿಗೆ ಕಳಿಸೋದು? ನಾಳೆಯೋ ನಾಡಿದ್ದೋ ಬಂದೇ ಬರುತ್ತೆ. ಕಾನೂನು ಇರೋದು ಒಳ್ಳೇದಕ್ಕೇ ತಾನೆ."

ನಾನೂ ತಲೆಯಾಡಿಸಿದೆ. ಇನ್ನೊಂದು ಕೀ ನನ್ನ ಸೊಂಟದಲ್ಲಿತ್ತು. ನಾನೂ ಹೆದರಿದ್ದೆ. ಇದನ್ನು ಮುಚ್ಚಿಡುವುದಿಲ್ಲ.

ಎಂಟನೇ ದಿನ ಮಧ್ಯಾಹ್ನ ಕ್ರೇನಜ್ಜ ಕಣ್ಣು ಬಿಟ್ಟು ಬೀಗದಮ್ಮನ ಕುತ್ತಿಗೆಯ ದಾರವನ್ನು ನೋಡಿದರು. ತುಟಿ ಒಡೆದಿತ್ತು. ಒಂದೊಂದೇ ಮಾತಾಗಿ ಕೇಳಿದರು:

"ಕೀ ನಿಮ್ಮ ಹತ್ರಾನೇ ಇದೆ ಅಲ್ವೇನಮ್ಮ?"

ಬೈದಿರಲಿಲ್ಲ. ಅರ್ಥವಾಗದೆ ಕೇಳಿದ್ದು. ಮೂವತ್ತೆರಡು ವರ್ಷ ಸನ್ನೆಕೋಲು ಎಳೆದರೆ ಸರಕು ಏಳುವುದನ್ನು ಕಂಡ ಮನುಷ್ಯ. ಕೀ ಇದೆ, ಬೀರು ಇದೆ, ಮದ್ದು ಇದೆ, ನೋವು ಇದೆ. ಮತ್ತೆ ಅಡ್ಡ ನಿಂತಿರುವುದು ಏನು? ಬೀಗದಮ್ಮ ದಾರವನ್ನು ಸೆರಗಿನೊಳಗೆ ಸೇರಿಸಿಕೊಂಡು ಕೆಳಗೆ ಹೋದರು. ಆ ಕೋಣೆಯಲ್ಲಿ ಅವರು ಅತ್ತದ್ದು ಮೆಟ್ಟಿಲ ಮೇಲಿದ್ದ ನನಗೆ ಕೇಳಿಸಿತು.

ಒಂಬತ್ತನೇ ದಿನ, ಮಂಗಳವಾರ ಬೆಳಿಗ್ಗೆ, ಕ್ರೇನಜ್ಜ ತೀರಿಕೊಂಡರು. ಇಂದಲ್ಲ ನಾಳೆ ಅವರು ಹೋಗುವವರೇ, ಅದು ಎಲ್ಲರಿಗೂ ಗೊತ್ತು. ಸಾವಿಗೆ ಯಾರನ್ನೂ ದೂರುತ್ತಿಲ್ಲ. ಆದರೆ ಹಾಗೆ ಹೋಗಬೇಕಾಗಿರಲಿಲ್ಲ. ಮಗಳು ಬಂದಾಗ ಅಪ್ಪನ ಹಲ್ಲುಗಳ ನಡುವಿನಿಂದ ಟವೆಲು ಬಿಡಿಸಲು ಡಾಕ್ಟರಮ್ಮನೂ ನಾನೂ ಹೆಣಗುತ್ತಿದ್ದೆವು. ಅವಳು ನಮ್ಮನ್ನು ಪಕ್ಕಕ್ಕೆ ಸರಿಸಿ, ತಾನೇ ಅವರ ದವಡೆಯನ್ನು ಮೆಲ್ಲಗೆ ನೀವಿ ಬಿಡಿಸಿದಳು.

ಅವತ್ತಿನಿಂದ ಬೀಗದಮ್ಮ ಪುಸ್ತಕ ಹಿಡಿದು ಕೂತರು. ಗುರುವಾರ ಮೂರು ಗಂಟೆಯ ಹೊತ್ತಿಗೆ ನನ್ನನ್ನು ಕರೆದರು. ದನಿ ಬದಲಾಗಿತ್ತು. "ಇಲ್ಲಿ ಓದೇ. ಗಟ್ಟಿಯಾಗಿ ಓದು. ನನ್ನ ಕಣ್ಣು ತಪ್ಪಿದೆಯೋ ಏನೋ."

ಅರವತ್ತೊಂದನೇ ಪುಟ. ಗಡುವಿನೊಳಗೆ ಅರ್ಜಿ ಹಾಕಿದವರ ಅರ್ಜಿಯನ್ನು ಕಾರಣ ಬರೆದು ತಿರಸ್ಕರಿಸುವವರೆಗೆ ಅವರ ಹಳೆಯ ನೋಂದಣಿಯೇ ಜಾರಿಯಲ್ಲಿದೆಯೆಂದು ಭಾವಿಸತಕ್ಕದ್ದು. ಅದರ ಕೆಳಗೇ ಇನ್ನೊಂದು ಸಾಲು: ರೋಗಿಗಳ ಆರೈಕೆಗೆ ಇಟ್ಟ ಔಷಧವನ್ನು ತಡೆಹಿಡಿಯುವ ಮೊದಲು ಬದಲಿ ವ್ಯವಸ್ಥೆ ಮಾಡುವುದು ಅಧಿಕಾರಿಯ ಹೊಣೆ.

ನಾನು ಎರಡು ಸಲ ಓದಿದೆ. ಕಾನೂನು ನಮ್ಮ ಕಡೆಗೇ ಇತ್ತು. ಮೊದಲ ದಿನದಿಂದಲೂ ಇತ್ತು. ಓದಬೇಕಾದವರು ಓದಿರಲಿಲ್ಲ, ಅಷ್ಟೇ.

ಶುಕ್ರವಾರ ಬೀಗದಮ್ಮ ಆರನೇ ಕಿಟಕಿಗೆ ಹೋಗಲಿಲ್ಲ. ನೇರವಾಗಿ ಉಪನಿರ್ದೇಶಕರ ಕೋಣೆ. ಜೊತೆಗೆ ನಾನು, ಕ್ರೇನಜ್ಜನ ಮಗಳು. ಬಾಗಿಲಲ್ಲಿ ಜವಾನ "ಅಪಾಯಿಂಟ್‌ಮೆಂಟ್?" ಎಂದ. "ಇದೆ" ಎಂದು ಬೀಗದಮ್ಮ ಒಳಗೆ ನಡೆದರು. ಅವರ ಬಾಯಲ್ಲಿ ಸುಳ್ಳು ಕೇಳಿದ್ದು ಅದೇ ಮೊದಲು.

ಉಪನಿರ್ದೇಶಕರು ಪುಟ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಕಿವಿ ಕೆಂಪಾಯಿತು.

"ನೋಡಿ, ಇದು ವ್ಯಾಖ್ಯಾನದ ವಿಷಯ. ಕಾನೂನು ವಿಭಾಗದ ಅಭಿಪ್ರಾಯ ಕೇಳ್ತೀನಿ. ಒಂದು ವಾರ—"

"ಬೇಡ ಸರ್." ಬೀಗದಮ್ಮ ಕುರ್ಚಿ ಎಳೆದು ಕುಳಿತರು. "ಆ ಒಂದು ವಾರ ನಮ್ಮಲ್ಲಿ ಆಗಲೇ ಕಳೆದಿದೆ. 'ಜಾರಿಯಲ್ಲಿದೆ' ಅಂದ್ರೆ ಜಾರಿಯಲ್ಲಿದೆ ಅಂತ. ಇದರಲ್ಲಿ ವ್ಯಾಖ್ಯಾನ ಏನು ಬಂತು? ಇಪ್ಪತ್ತಾರು ವರ್ಷ ಒಂದು ಮಾತ್ರೆ ಆಚೀಚೆ ಆಗದ ಹಾಗೆ ನೋಡ್ಕೊಂಡಿದ್ದೀನಿ. ಒಡೆದ ಸೀಸೆಯ ಚೂರನ್ನೂ ನಿಮಗೆ ಕಳಿಸಿದ್ದೀನಿ. ನಾನು ಕಾನೂನನ್ನ ನಂಬಿದ್ದೆ, ನೀವು ಅದನ್ನ ಓದೂ ಇಲ್ಲವಲ್ಲ!"

"ದನಿ ತಗ್ಗಿಸಿ ಮೇಡಂ. ಇದು ಕಚೇರಿ."

"ತಗ್ಗಿಸೋದಿಲ್ಲ. ನಮ್ಮ ವಾರ್ಡಲ್ಲಿ ಜನ ಕೂಗ್ತಾ ಇದ್ದಾರೆ, ಅವರಿಗೂ ತಗ್ಗಿಸಿ ಅಂತ ಹೇಳ್ಲಾ? ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ನಿಮ್ಮದು ಆಟವೂ ಅಲ್ಲ. ಬರೀ ಸೋಮಾರಿತನ. ಆದೇಶ ಬರೆಯೋವರೆಗೆ ನಾನು ಈ ಕುರ್ಚಿಯಿಂದ ಏಳಲ್ಲ."

ಬಾಗಿಲ ಬಳಿ ಗುಮಾಸ್ತರು ಗುಂಪುಗೂಡಿದ್ದರು. ಆಗ ಅಲ್ಲಿಯವರೆಗೆ ಸುಮ್ಮನಿದ್ದ ಕಂಡಕ್ಟರ್ ಮಗಳು ಒಂದು ಹೆಜ್ಜೆ ಮುಂದೆ ಬಂದಳು.

"ಸಾರ್, ಟಿಕೆಟ್ ಕೊಡೋವಾಗ ನಾನು ತಪ್ಪು ಮಾಡಿದ್ರೆ ಅವತ್ತೇ ಮೆಮೋ ಕೊಡ್ತಾರೆ. ನಮ್ಮಪ್ಪ ಒಂಬತ್ತು ದಿನ ಮದ್ದಿಲ್ಲದೆ ನರಳಿದ್ರು, ಟವೆಲ್ ಕಚ್ಚಿಕೊಂಡೇ ಹೋದ್ರು. ಆ ಒಂಬತ್ತು ದಿನ ಯಾವ ಸೆಕ್ಷನ್‌ಗೆ ಬರುತ್ತೆ ಹೇಳಿ."

ಉಪನಿರ್ದೇಶಕರು ಅವಳ ಮುಖ ನೋಡಲಿಲ್ಲ. ಪೆನ್ನು ತೆಗೆದರು.

ಅವತ್ತೇ ಮೂರೂವರೆಗೆ ಅದೇ ಇನ್ಸ್‌ಪೆಕ್ಟರ್ ಬಂದು ಮುದ್ರೆ ಒಡೆದರು. ಅರಗಿನ ಚೂರುಗಳು ನೆಲದ ಮೇಲೆ ಬಿದ್ದವು. ಚೂರೊಂದನ್ನೂ ಬಿಡದೆ ಆಯುತ್ತಿದ್ದ ಬೀಗದಮ್ಮ ಅವುಗಳನ್ನು ತುಳಿದುಕೊಂಡೇ ಬೀರು ತೆರೆದರು. ನಾಲ್ಕು ಗಂಟೆಗೆ ಆರು ಜನಕ್ಕೂ ಮದ್ದು ಸಿಕ್ಕಿತು. ಐದಕ್ಕೆ ವಾರ್ಡು ಎಷ್ಟು ಮೌನವಾಯಿತೆಂದರೆ ಅಡುಗೆಯವಳು ಗಾಬರಿಯಾಗಿ ಬಂದು ಇಣುಕಿದಳು. ಎಲ್ಲರೂ ನಿದ್ದೆ ಹೋಗಿದ್ದರು.

ಹೊರಡುವಾಗ ಇನ್ಸ್‌ಪೆಕ್ಟರ್ ಒಂದು ಅಚ್ಚಾದ ನಮೂನೆ ಮುಂದಿಟ್ಟರು. "ಸೀಲು ತೆರವಾಗಿದೆ, ಯಾವುದೇ ತೊಂದರೆಯಾಗಿಲ್ಲ, ದೂರು ಇರುವುದಿಲ್ಲ." ಕೆಳಗೆ ಸಹಿಗೆ ಜಾಗ.

"ಇದಕ್ಕೆ ಹಾಕಲ್ಲ."

"ಸುಮ್ನೆ ರೂಢಿ ಮೇಡಂ. ಎಲ್ಲರೂ ಹಾಕ್ತಾರೆ."

ಬೀಗದಮ್ಮ ಪೆನ್ನು ತೆಗೆದುಕೊಂಡು ಅಚ್ಚಿನ ಸಾಲುಗಳ ಮೇಲೆ ಗೆರೆ ಎಳೆದು, ಬದಿಯಲ್ಲಿ ಬರೆದರು: ಕಾನೂನಿಗೆ ವಿರುದ್ಧವಾಗಿ ಹನ್ನೆರಡು ದಿನ ಔಷಧ ತಡೆಹಿಡಿಯಲಾಗಿದೆ. ಒಬ್ಬರು ನೋವಿನಲ್ಲೇ ಸತ್ತಿದ್ದಾರೆ. ದೂರು ಇದೆ. ಅದರ ಕೆಳಗೆ ಸಹಿ ಹಾಕಿದರು. ನಾನೂ ಹಾಕಿದೆ.

ಆ ದೂರಿನಿಂದ ಒಂದು ಒಳ್ಳೆಯದಾಯಿತು. ತಿಂಗಳೊಳಗೆ ಎಲ್ಲ ಕಚೇರಿಗಳಿಗೂ ಸುತ್ತೋಲೆ ಹೋಗಿ, ಉಳಿದ ಕಡೆಯ ಮುದ್ರೆಗಳೂ ಬಿಚ್ಚಿದವು. ಬೀಗದಮ್ಮನ ಹೊಸ ನೋಂದಣಿ ಪತ್ರವೂ ಬಂತು. ಯಾರ ಮೇಲೂ ಕ್ರಮವಿಲ್ಲ. ಉಪನಿರ್ದೇಶಕರಿಗೆ ಬಡ್ತಿಯಾಯಿತು.

ಬೀಗದಮ್ಮ ಹೊರಗೆ ಮೊದಲಿನಂತೆಯೇ ಇದ್ದಾರೆ. ಸೀಸೆ ಎಣಿಸುತ್ತಾರೆ, ತಲೆ ಬಗ್ಗಿಸಿ ಕೋಣೆಗೆ ಹೋಗುತ್ತಾರೆ. ಆದರೆ ಒಂದು ದಿನ ಊಟ ಮಾಡುತ್ತಿದ್ದಾಗ ಇದ್ದಕ್ಕಿದ್ದಂತೆ ನನಗೆ ಹೇಳಿದರು: "ಆರನೇ ದಿನವೇ ಒಡೆದು ಹಾಕ್ಬೇಕಿತ್ತು ಕಣೇ. ಡಾಕ್ಟರಮ್ಮ ಸರಿಯಾಗೇ ಹೇಳಿದ್ರು. ನಾನು ಕಾಯ್ದದ್ದು ಔಷಧನಲ್ಲ, ನನ್ನ ಒಳ್ಳೇ ಹೆಸರನ್ನ." ಇಲ್ಲ ಎನ್ನಲು ನನ್ನ ಸೊಂಟದ ಕೀ ಅಡ್ಡ ಬಂತು, ಅವತ್ತು ನಾನೂ ತಲೆಯಾಡಿಸಿದ್ದೆ. ಅವರ ಯಜಮಾನರು ತವರುಮನೆಯ ತಮಾಷೆಯನ್ನು ಈಗ ಮಾಡುವುದಿಲ್ಲ.

ಏಳು ತಿಂಗಳ ಮೇಲೆ ದೂರಿಗೆ ಉತ್ತರ ಬಂತು. "ಪ್ರಕ್ರಿಯೆಯಲ್ಲಿ ಉಂಟಾದ ಅನಾನುಕೂಲಕ್ಕೆ ವಿಷಾದಿಸಲಾಗಿದೆ." ಯಾರು ವಿಷಾದಿಸಿದರು, ಯಾರಿಗೆ, ಒಂದೂ ಇಲ್ಲ. ಬೀಗದಮ್ಮ ಅದನ್ನು ಹಿಡಿದು ಬಸ್ ಡಿಪೋಗೆ ಹೋದರು. ನಾನೂ ಹೋದೆ. ಕಂಡಕ್ಟರ್ ಮಗಳು ಪಾಳಿಯ ನಡುವೆ ಬೆಂಚಿನ ಮೇಲೆ ಕೂತು, ಟಿಕೆಟ್ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ನಾಲ್ಕು ಸಾಲನ್ನೂ ಓದಿದಳು. ಹಿಂದುಮುಂದು ತಿರುಗಿಸಿದಳು.

"ಇದರಲ್ಲಿ ಅಪ್ಪನ ಹೆಸರೇ ಇಲ್ಲವಲ್ಲ ಅಕ್ಕ."

"ಇಲ್ಲ ಕಣಮ್ಮ."

"ಹೆಸರಿಲ್ಲದಿದ್ರೆ ಇದು ಯಾರಿಗೆ ಬರೆದದ್ದು?"

ಬೀಗದಮ್ಮ ಕಾಗದವನ್ನು ವಾಪಸು ತೆಗೆದುಕೊಂಡು, ಅದನ್ನು ಹಾಗೇ ಹೊಸ ಲಕೋಟೆಗೆ ಹಾಕಿ, ಸತ್ತವರ ಹೆಸರು, ಹಾಸಿಗೆಯ ಸಂಖ್ಯೆ, ಒಂಬತ್ತು ದಿನಗಳ ತಾರೀಕು ಬರೆದು, ಹೆಸರು ಹಾಕಿ ಉತ್ತರಿಸಿ ಎಂದು ಕಳಿಸಿದರು. ಉತ್ತರ ಬರಲಿಲ್ಲ. ಮತ್ತೆ ಬರೆದರು. ಹೋದ ಸೋಮವಾರ ನಾಲ್ಕನೇ ಪತ್ರವನ್ನು ರಿಜಿಸ್ಟರ್ ಪೋಸ್ಟಿಗೆ ಹಾಕಿ ಬಂದದ್ದು ನಾನೇ.